ತುಕ್ಕಿಗೂ ಒಂದು ರೇಟು

2016ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್ ಹರಾಜಿಗೆ ಎಂಟು ಹಳೇ ಬ್ರಫ್ ಸುಪೀರಿಯರ್ ಬೈಕುಗಳು ಬಂದವು. ಕಾರ್ನ್‌ವಾಲ್‌ನ ಕೊಟ್ಟಿಗೆಗಳಲ್ಲಿ ದಶಕಗಟ್ಟಲೆ ಧೂಳು ತಿಂದವು. ಕೆಲವಂತೂ ಬಿಡಿಬಿಡಿ ಭಾಗಗಳು. ನಮ್ಮ ಗುಜರಿಯವನಾದರೆ ಕೆಜಿ ಲೆಕ್ಕದಲ್ಲಿ ತೂಗುತ್ತಿದ್ದ. ಅಲ್ಲಿ ನಾಲ್ಕು ಸಿಲಿಂಡರಿನ ಒಂದೇ ಗಾಡಿ 3,31,900 ಪೌಂಡಿಗೆ ಹೋಯಿತು. ಯಾರಾದರೂ ಪುಣ್ಯಾತ್ಮ ತೊಳೆದು ತಂದಿದ್ದರೆ ರೇಟು ಇಳಿಯುತ್ತಿತ್ತೋ ಏನೋ!

ಇಂಥ ಕಡೆ ಕೊಳ್ಳುವವರ ಭಕ್ತಿ ನೋಡಬೇಕು. ಕೋಟು ತೊಟ್ಟ ಹಿರಿಯರು ಮೊಣಕಾಲೂರಿ, ಟಾರ್ಚ್ ಹಾಕಿ, ಎಂಜಿನ್ನಿನ ಮೇಲೆ ಗುದ್ದಿದ ನಂಬರು ಓದುತ್ತಾರೆ. ಚಾಸಿ, ಎಂಜಿನ್ನು ಎರಡೂ ಕಾರ್ಖಾನೆಯಿಂದಲೇ ಜೊತೆಗೆ ಬಂದವೆಂದು ಖಾತ್ರಿಯಾಗಬೇಕು. ಜಾತಕ ಕೂಡಿಸುವ ನಮ್ಮ ಜೋಯಿಸರೂ ಇಷ್ಟು ಕಟ್ಟುನಿಟ್ಟಲ್ಲ. ಕೆಳಗೆ ಎಣ್ಣೆ ತೊಟ್ಟಿಕ್ಕಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಸೋರುತ್ತಿಲ್ಲವೆಂದರೆ ಒಳಗೆ ಎಣ್ಣೆಯೇ ಇಲ್ಲ ಅನ್ನುವುದು ಬ್ರಿಟಿಷ್ ಬೈಕಿನವರ ಹಳೇ ಜೋಕು.

"ಕೊನೇ ಸಲ ಓಡಿಸಿದಾಗ ಚೆನ್ನಾಗಿತ್ತು" ಅನ್ನುತ್ತಾನೆ ಮಾರುವವನು. ಯಾವ ಇಸವಿಯಲ್ಲಿ ಅಂತ ಕೇಳಬಾರದು. ಸುತ್ತಿಗೆ ಬಿದ್ದ ಮೇಲೂ ಜೇಬು ಮುಚ್ಚುವಂತಿಲ್ಲ: ಕೊಂಡವನಿಂದ ಪ್ರೀಮಿಯಂ, ಅದರ ಮೇಲೆ ತೆರಿಗೆ, ಮಾರಿದವನಿಂದ ಕಮಿಷನ್. ಗಾಡಿ ಸ್ಟಾರ್ಟ್ ಆಗದಿದ್ದರೂ ಹರಾಜು ಕಂಪನಿ ಓಡುತ್ತದೆ.

2018ರಲ್ಲಿ ಲಾಸ್ ವೇಗಸ್ ಹರಾಜಿನಲ್ಲಿ 1951ರ ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ಬೈಕೊಂದಕ್ಕೆ 9,29,000 ಡಾಲರ್ ಬಂತು. ರೇಸಿಗೆಂದೇ ಹುಟ್ಟಿದ ಗಾಡಿ. ಅಷ್ಟು ಸುರಿದವರು ಅದನ್ನು ಹಾಲು ತರಲು ಒಯ್ದಾರೆಯೇ? ಒಯ್ಯೋಣವೆಂದರೂ ಇನ್ಶೂರೆನ್ಸಿನವರು ಬಿಡಬೇಕಲ್ಲ.