ಇಳಿಯದ ನಕ್ಷತ್ರ: ಮುಪ್ಪಿಗೂ ಕ್ರಿಸ್‌ಮಸ್ ಅಲಂಕಾರದ ಚಿರಸ್ಥಿತಿಗೂ ಇರುವ ಸಂಬಂಧವನ್ನು ಕುರಿತ ಒಂದು ಪ್ರಮೇಯ

ಜುಲೈ ತಿಂಗಳ ಮಟಮಟ ಮಧ್ಯಾಹ್ನದಲ್ಲಿ ಇಂಗ್ಲೆಂಡಿನ ಮನೆಯೊಂದರ ಕಿಟಕಿಯಲ್ಲಿ ಕ್ರಿಸ್‌ಮಸ್ ಮರ ಮಿನುಗುತ್ತಿದ್ದರೆ, ಒಳಗೆ ವಯಸ್ಸಾದವರಿದ್ದಾರೆಂದು ಬೀದಿಯಲ್ಲಿ ಹೋಗುವವರು ತೀರ್ಮಾನಿಸಿಬಿಡುತ್ತಾರೆ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂಬ ಅನುಮಾನಕ್ಕೆ ವ್ಯಾಪ್ತಿ ಯಾವುದೆಂದು ನಮ್ಮ ನೈಯಾಯಿಕರು ಶತಮಾನಗಟ್ಟಲೆ ಜಗಳವಾಡಿದರು. ಮರ ಕಂಡರೆ ಮುಪ್ಪು ಇದೆಯೆಂಬ ಅನುಮಾನದ ಬಗ್ಗೆ ಮಾತ್ರ ಯಾರೂ ಅಷ್ಟು ತಲೆ ಕೆಡಿಸಿಕೊಂಡಂತಿಲ್ಲ. ಲೋಕರೂಢಿಯಲ್ಲಿ ಇದಕ್ಕೆ ಮೂರು ಕಾರಣಗಳನ್ನು ಕೊಡುತ್ತಾರೆ: ಮರೆವು, ಮಂಡಿನೋವು, ಮೊಂಡುತನ. ಮೂರೂ ಮಕಾರದಿಂದ ಆರಂಭವಾಗುತ್ತವೆ ಎಂಬುದನ್ನು ಬಿಟ್ಟರೆ ಅವುಗಳಲ್ಲಿ ಶಾಸ್ತ್ರೀಯವಾದದ್ದು ಏನೂ ಇಲ್ಲ. ಪ್ರಸ್ತುತ ಪ್ರಬಂಧವು ಈ ಮೂರನ್ನೂ ಪೂರ್ವಪಕ್ಷವೆಂದು ಬದಿಗಿರಿಸಿ, ಒಂದೇ ಒಂದು ಸಿದ್ಧಾಂತವನ್ನು ಮಂಡಿಸುತ್ತದೆ. ವಯಸ್ಸಾದವರು ಅಲಂಕಾರವನ್ನು ವರ್ಷವಿಡೀ ಬಿಡುತ್ತಾರೆ ಎಂಬ ಮಾತೇ ತಪ್ಪು. ಅವರ ಗಡಿಯಾರದ ಪ್ರಕಾರ ಹಬ್ಬದ ಅವಧಿ ಇನ್ನೂ ಮುಗಿದಿರುವುದೇ ಇಲ್ಲ.

ಮೊದಲು ಆ ಅವಧಿ ಎಷ್ಟೆಂದು ನಿಷ್ಕರ್ಷಿಸಬೇಕು. ಈ ವಿಷಯದಲ್ಲಿ ಕ್ರೈಸ್ತ ಲೋಕದಲ್ಲೇ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ ಹಲವರು ಹನ್ನೆರಡನೆಯ ರಾತ್ರಿಗೆ, ಅಂದರೆ ಜನವರಿ 5ಕ್ಕೆ, ಎಲ್ಲವನ್ನೂ ಕೆಳಗಿಳಿಸುತ್ತಾರೆ. ಸ್ವೀಡನ್ನಿನವರು ಇಪ್ಪತ್ತನೆಯ ದಿನವಾದ ಜನವರಿ 13ರ ಸಂತ ಕ್ನೂಟ್ ದಿನದವರೆಗೆ ತಾಳುತ್ತಾರೆ. ಅಂದು ಮಕ್ಕಳು ಮರಕ್ಕೆ ತೂಗುಹಾಕಿದ ಮಿಠಾಯಿಗಳನ್ನು ಸೂರೆ ಮಾಡುತ್ತಾರೆ, ಮರ ಹೊರಗೆ ಬೀಳುತ್ತದೆ. ಹಳೆಯ ಸಂಪ್ರದಾಯ ಇವೆರಡಕ್ಕಿಂತಲೂ ಉದಾರವಾದದ್ದು. ಡಿಸೆಂಬರ್ 25ನ್ನು ಮೊದಲ ದಿನವಾಗಿ ಎಣಿಸಿದರೆ ನಲವತ್ತನೆಯ ದಿನ ಫೆಬ್ರುವರಿ 2, ಅಂದರೆ ಕ್ಯಾಂಡಲ್‌ಮಸ್. ಶಿಶು ಯೇಸುವನ್ನು ಜೆರೂಸಲೇಮಿನ ದೇವಾಲಯದಲ್ಲಿ ಅರ್ಪಿಸಿದ ದಿನವದು. ಅಲ್ಲಿಯವರೆಗೆ ಎಲೆ, ಹೂಮಾಲೆ, ನಕ್ಷತ್ರ ಏನಿದ್ದರೂ ಯಾರೂ ಚಕಾರವೆತ್ತುವಂತಿಲ್ಲ. ಶಾಸ್ತ್ರಗಳು ಪರಸ್ಪರ ವಿರೋಧಿಸಿದಾಗ ಶಾಸ್ತ್ರಜ್ಞನಿಗೆ ಅನುಕೂಲವಾದದ್ದನ್ನು ಹಿಡಿಯಬೇಕೆಂಬ ಅಲಿಖಿತ ನಿಯಮಕ್ಕೆ ಶರಣಾಗಿ, ನಾವು ನಲವತ್ತನ್ನೇ ಪ್ರಮಾಣವಾಗಿ ಇಟ್ಟುಕೊಳ್ಳುತ್ತೇವೆ.

ಇನ್ನು ಪ್ರಮೇಯ. ಫ್ರಾನ್ಸಿನ ತತ್ತ್ವಜ್ಞಾನಿ ಪೌಲ್ ಜಾನೆ 1877ರಲ್ಲಿ ಒಂದು ಸರಳವಾದ ವಿಚಾರವನ್ನು ಮುಂದಿಟ್ಟ. ಒಂದು ವರ್ಷ ಎಷ್ಟು ದೀರ್ಘವೆನಿಸುತ್ತದೆ ಎಂಬುದು ಅದುವರೆಗೆ ಬಾಳಿದ ಬಾಳಿನಲ್ಲಿ ಆ ವರ್ಷ ಎಷ್ಟನೆಯ ಪಾಲು ಎಂಬುದನ್ನು ಅವಲಂಬಿಸಿದೆ. ಅಮೆರಿಕದ ವಿಲಿಯಂ ಜೇಮ್ಸ್ 1890ರ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಇದನ್ನು ವಿವರಿಸುತ್ತ, ಹತ್ತು ವರ್ಷದ ಮಗುವಿಗೆ ವರ್ಷವೆಂದರೆ ಬಾಳಿನ ಹತ್ತನೆಯ ಒಂದು ಪಾಲು, ಐವತ್ತರವನಿಗೆ ಐವತ್ತನೆಯ ಒಂದು ಪಾಲು ಎಂದ. ಇದರಿಂದ ಗೂಢವೇನೂ ಬಿಡಿಸಲಿಲ್ಲವೆಂದು ಅವನೇ ಸೇರಿಸಿದ್ದಾನೆ. ಆ ವಾಕ್ಯ ನಮಗೆ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಮುಂದೆ ಹೋಗೋಣ. ಹತ್ತರ ಮಗುವಿನ ವರ್ಷವನ್ನು ಪೂರ್ಣ ವರ್ಷವೆಂದು ಹಿಡಿದರೆ, ಯಾವುದೇ ವಯಸ್ಸಿನವರಿಗೆ ಅನುಭವಕ್ಕೆ ಬರುವ ದಿನಗಳನ್ನು ತಿಳಿಯಲು ನಿಜವಾದ ದಿನಗಳನ್ನು ವಯಸ್ಸಿನ ಹತ್ತನೆಯ ಒಂದು ಭಾಗದಿಂದ ಭಾಗಿಸಿದರೆ ಸಾಕು. ಡಿಸೆಂಬರ್ 25ರಿಂದ ನವೆಂಬರ್ 30ರವರೆಗೆ 341 ದಿನ. ಮರುದಿನ ಡಿಸೆಂಬರ್ ಹುಟ್ಟುತ್ತದೆ, ಅಲಂಕಾರ ಮತ್ತೆ ನ್ಯಾಯಬದ್ಧವಾಗುತ್ತದೆ. ನಲವತ್ತರವರಿಗೆ ಈ ಅಂತರ 85 ದಿನದಷ್ಟು ಅನಿಸುತ್ತದೆ, ಎಪ್ಪತ್ತರವರಿಗೆ 49 ದಿನದಷ್ಟು. ಎಂಬತ್ತೈದು ವರ್ಷ ಮೂರು ತಿಂಗಳು ತುಂಬಿದವರಿಗೆ ಕರಾರುವಾಕ್ಕಾಗಿ 40 ದಿನ. ಅಂದರೆ ಆ ವಯಸ್ಸಿನವರು ಕ್ಯಾಂಡಲ್‌ಮಸ್ ಬರಲಿ, ಇಳಿಸೋಣ ಎಂದು ಕಾದಿರುವಾಗಲೇ ಮುಂದಿನ ಡಿಸೆಂಬರ್ ಬಾಗಿಲು ತಟ್ಟುತ್ತದೆ. ಗಡುವು ಮೀರುವುದಕ್ಕೆ ಗಡುವೇ ಬರುವುದಿಲ್ಲ. ಅಧಿಕ ವರ್ಷದಲ್ಲಿ ಒಂದು ದಿನ ಹೆಚ್ಚಾಗುವುದರಿಂದ ಈ ಸಿದ್ಧಿಗೆ ಇನ್ನೂ ಮೂರು ತಿಂಗಳು ಹೆಚ್ಚು ಬದುಕಬೇಕಾಗುತ್ತದೆ.

ಪ್ರಮೇಯದ ಬಲ ತಿಳಿಯುವುದು ದೇಶಾಂತರ ಪ್ರಯೋಗದಲ್ಲಿ. ಫಿಲಿಪ್ಪೀನ್ಸಿನಲ್ಲಿ ಕ್ರಿಸ್‌ಮಸ್ ಋತು ಸೆಪ್ಟೆಂಬರ್ 1ಕ್ಕೇ ಶುರುವಾಗುತ್ತದೆ. ಅಂದಿನಿಂದಲೇ ಮಾಲ್‌ಗಳಲ್ಲಿ ಹಬ್ಬದ ಹಾಡು ಕೇಳಿಬರುತ್ತದೆ. ಹಾಗಾಗಿ ಅಲ್ಲಿ ಅಂತರ 250 ದಿನ ಮಾತ್ರ, ಸಿದ್ಧಿಯ ವಯಸ್ಸು ಅರವತ್ತೆರಡೂವರೆ. ಆ ದೇಶದ ಕಾನೂನಿನಲ್ಲಿ ಐಚ್ಛಿಕ ನಿವೃತ್ತಿಗೆ 60, ಕಡ್ಡಾಯ ನಿವೃತ್ತಿಗೆ 65 ಎಂದಿದೆ. ಅರವತ್ತೆರಡೂವರೆ ಎರಡರ ನಟ್ಟನಡುವೆ ಬೀಳುವುದನ್ನು ಕಾಕತಾಳೀಯವೆನ್ನುವವರು ಧಾರಾಳವಾಗಿ ಅನ್ನಬಹುದು; ಪ್ರಬಂಧಕ್ಕೆ ಅದರಿಂದ ಲಾಭವಿಲ್ಲ. ಇಪ್ಪತ್ತೇ ದಿನ ಕೊಡುವ ಸ್ವೀಡನ್ನಿನಲ್ಲಿ ಸಿದ್ಧಿಗೆ ನೂರ ಎಪ್ಪತ್ತು ವರ್ಷ ದಾಟಬೇಕು, ಹನ್ನೆರಡೇ ದಿನ ಕೊಡುವ ಇಂಗ್ಲಿಷರ ಪಂಗಡಕ್ಕೆ ಇನ್ನೂರ ಎಂಬತ್ತನಾಲ್ಕು. ಆದಿಕಾಂಡದ ಲೆಕ್ಕದಂತೆ 969 ವರ್ಷ ಬದುಕಿದ ಮೆತೂಷೆಲಹನಿಗೆ ಇವೆಲ್ಲ ನಡುಹರೆಯದಲ್ಲೇ ಒದಗುತ್ತಿದ್ದವು. ಅವನ ಕಾಲದಲ್ಲಿ ಕ್ರಿಸ್‌ಮಸ್ ಇರಲಿಲ್ಲ ಎಂಬುದೊಂದೇ ತೊಡಕು.

ಗಣಿತಕ್ಕೆ ಶಬ್ದಪ್ರಮಾಣವೂ ಸೇರಿದರೆ ವಾದಕ್ಕೆ ತೂಕ ಬರುತ್ತದೆ. ಅಲಂಕಾರ ಇಳಿಸುವ ದಿನವೆನಿಸಿದ ಕ್ಯಾಂಡಲ್‌ಮಸ್, ಲೂಕನ ಸುವಾರ್ತೆಯನ್ನು ತೆರೆದು ನೋಡಿದರೆ, ಹಿರಿಯ ಜೀವಗಳ ಹಬ್ಬವೇ ಆಗಿದೆ. ಅಂದು ದೇವಾಲಯದಲ್ಲಿ ಮಗುವನ್ನು ಗುರುತಿಸಿದವರು ಇಬ್ಬರು: ಸಾಯುವ ಮೊದಲು ಕ್ರಿಸ್ತನನ್ನು ಕಾಣುವೆನೆಂಬ ಭರವಸೆಯಲ್ಲಿ ಕಾದಿದ್ದ ಸಿಮೆಯೋನ, ಮತ್ತು ದೇವಾಲಯವನ್ನು ಬಿಟ್ಟು ಹೋಗದೆ ಹಗಲಿರುಳು ಅಲ್ಲೇ ಇದ್ದ ಪ್ರವಾದಿನಿ ಅನ್ನಳು. ಅನ್ನಳ ವಯಸ್ಸು 84 ಎಂದು ಲೂಕ ಬರೆದಿದ್ದಾನೆ. 341ನ್ನು 8.4ರಿಂದ ಭಾಗಿಸಿ ನೋಡಿ: 40 ದಿನ, 14 ಗಂಟೆ. ಪ್ರವಾದಿನಿಗೆ ಸಿದ್ಧಿ ತಪ್ಪಿದ್ದು ಅರ್ಧ ದಿನದ ಅಳತೆಯಲ್ಲಿ. ಇಲ್ಲೊಂದು ಪಾಠಾಂತರ್ಗತ ಸಂದೇಹವೂ ಉಂಟು. ಗ್ರೀಕ್ ಮೂಲದಲ್ಲಿ 84 ಎಂಬುದು ಅವಳ ವಯಸ್ಸೋ, ವಿಧವೆಯಾಗಿ ಕಳೆದ ವರ್ಷಗಳೋ ಎಂದು ವಿದ್ವಾಂಸರು ವಾದಿಸುತ್ತಾರೆ. ಎರಡನೆಯದೇ ಸರಿಯಾದರೆ, ಏಳು ವರ್ಷದ ದಾಂಪತ್ಯವನ್ನೂ ಮದುವೆಯ ವಯಸ್ಸನ್ನೂ ಕೂಡಿಸಿದಾಗ ಅವಳು ನೂರು ದಾಟುತ್ತಾಳೆ, ಪ್ರಮೇಯ ನಿರಾತಂಕವಾಗಿ ಗೆಲ್ಲುತ್ತದೆ. ಪ್ರಸ್ತುತ ಪ್ರಬಂಧ ಈ ಎರಡನೆಯ ಪಾಠವನ್ನು ನಿಷ್ಪಕ್ಷಪಾತವಾಗಿ ಒಪ್ಪುತ್ತದೆ.

ಈಗ ಆಕ್ಷೇಪಗಳು. ಮೊದಲನೆಯದು ಅಪಶಕುನದ್ದು: ಗಡುವು ಮೀರಿದ ಅಲಂಕಾರ ಮನೆಗೆ ಕೇಡು ತರುತ್ತದಂತೆ. ಇದಕ್ಕೆ ಎದುರಾಳಿಗಳು ಉದ್ಧರಿಸುವ ದೊಡ್ಡ ಆಧಾರ ಪಾದ್ರಿ ಕವಿ ರಾಬರ್ಟ್ ಹೆರಿಕ್. 1648ರಲ್ಲಿ ಅಚ್ಚಾದ ಅವನ ಸಂಕಲನದ ಒಂದು ಪುಟ್ಟ ಪದ್ಯ, ಕ್ಯಾಂಡಲ್‌ಮಸ್ ಮುನ್ನಾದಿನ ತೆಗೆಯದೆ ಉಳಿಸಿದ ಎಲೆಗಳಿಗೆ ತಲೆಗೊಂದರಂತೆ ಪಿಶಾಚಿ ಕಾಣಿಸಿಕೊಳ್ಳುವುದೆಂದು ಮನೆಗೆಲಸದ ಹುಡುಗಿಯರನ್ನು ಎಚ್ಚರಿಸುತ್ತದೆ. ಒಪ್ಪೋಣ. ಆದರೆ ಅದು ನಿಜವಾದ ಎಲೆಗೆ ಹೇಳಿದ ಮಾತು. ಪಿವಿಸಿ ಸೂಜಿ ಎಲೆಗೆ ಎಷ್ಟು ಪಿಶಾಚಿ ಎಂಬುದನ್ನು ಹೆರಿಕ್ ಹೇಳಿಲ್ಲ. ಮೇಲಾಗಿ ಎದುರಾಳಿಗಳು ಅದೇ ಸಂಕಲನದ ಇನ್ನೊಂದು ಪದ್ಯವನ್ನು ಓದಿದಂತಿಲ್ಲ. ಅದರಲ್ಲಿ ಕವಿ, ಕ್ರಿಸ್‌ಮಸ್ಸಿನ ಹಸಿರನ್ನು ಇಳಿಸಿ ಆ ಜಾಗಕ್ಕೆ ಬಾಕ್ಸ್ ಗಿಡದ ಸೊಪ್ಪು ಏರಿಸಿ ಎನ್ನುತ್ತಾನೆ. ಈಸ್ಟರಿಗೆ ಯೂ ಮರದ್ದು, ಪೆಂಟೆಕಾಸ್ಟಿಗೆ ಬರ್ಚ್ ಮರದ್ದು, ಆಮೇಲೆ ಜೊಂಡು ಮತ್ತು ಓಕ್. ಲೆಕ್ಕ ಹಾಕಿದರೆ ಹೆರಿಕ್‌ನ ಮನೆ ಒಂದು ದಿನವೂ ಬೋಳಾಗಿರಲಿಲ್ಲ. ಅವನು ವರ್ಷವಿಡೀ ಅಲಂಕರಿಸುತ್ತಿದ್ದ, ಸೊಪ್ಪು ಮಾತ್ರ ಬದಲಾಯಿಸುತ್ತಿದ್ದ. ಬಾಡದ ಸೊಪ್ಪನ್ನು ಬದಲಾಯಿಸುವ ಅಗತ್ಯವೇನು?

ಎರಡನೆಯ ಆಕ್ಷೇಪ ಸುರಕ್ಷತೆಯದು. ಒಣಗಿದ ಮರ, ಅದರ ಮೇಲೆ ಉರಿಯುವ ಮೇಣದಬತ್ತಿ: ಒಂದು ಕಾಲದಲ್ಲಿ ಇಳಿಸದಿದ್ದರೆ ಮನೆಯೇ ಇಳಿಯುತ್ತಿತ್ತು, ನಿಜ. ಆದರೆ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ, ಕೆಂಪು, ಬಿಳಿ, ನೀಲಿಯ 80 ವಿದ್ಯುದ್ದೀಪಗಳನ್ನು ಮರಕ್ಕೆ ಸುತ್ತಿ ತಿರುಗಿಸಿದಾಗಲೇ ಮೇಣದ ಭಯ ಕರಗತೊಡಗಿತು. ಅತ್ತ ಜರ್ಮನರು ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಹಾಕಿ ಒಣಗದ ಮರ ಕಟ್ಟಿದರು. ಅಲಂಕಾರದ ಆಯುಷ್ಯಕ್ಕೆ ಮಿತಿ ಹಾಕಿದ್ದು ಧರ್ಮಕ್ಕಿಂತ ಹೆಚ್ಚಾಗಿ ಸೂಜಿ ಎಲೆಯ ತೇವ. ತೇವದ ಪ್ರಶ್ನೆ ಹೋದ ಮೇಲೆ ಮಿತಿ ಪಿಂಚಣಿ ಪಡೆದ ಅಧಿಕಾರಿಯ ಹಾಗೆ ಗತ್ತಿನಲ್ಲಷ್ಟೇ ಉಳಿದಿದೆ. ಅಪಾಯವಿರುವುದು ಏಣಿಯಲ್ಲಿ. ಬಿದ್ದು ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಏರಿಸಲು ಒಮ್ಮೆ, ಇಳಿಸಲು ಒಮ್ಮೆ, ಅಟ್ಟಕ್ಕೆ ಸೇರಿಸಲು ಒಮ್ಮೆ, ಅಟ್ಟದಿಂದ ತರಲು ಒಮ್ಮೆ: ವರ್ಷಕ್ಕೆ ನಾಲ್ಕು ಆರೋಹಣಗಳು. ಬಿಟ್ಟಲ್ಲೇ ಬಿಟ್ಟರೆ ಸೊನ್ನೆ. ಇನ್ನು ಪೆಟ್ಟಿಗೆಗೆ ಹಾಕಿದ ಸೀರಿಯಲ್ ಲೈಟಿನ ಗತಿ. 2007ರಲ್ಲಿ ಕ್ಯಾಲಿಫೋರ್ನಿಯಾದ ರೇಮರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಪೆಟ್ಟಿಗೆಯೊಳಗೆ ದಾರ ಹಾಕಿ ಸಾವಿರಾರು ಬಾರಿ ಉರುಳಿಸಿ, ದಾರ ಕೆಲವೇ ಸೆಕೆಂಡುಗಳಲ್ಲಿ ತನ್ನಷ್ಟಕ್ಕೆ ಗಂಟು ಹಾಕಿಕೊಳ್ಳುವುದನ್ನು ಸಾಬೀತುಪಡಿಸಿದರು. ಮರುವರ್ಷ ಇಗ್ನೊಬೆಲ್ ಪ್ರಶಸ್ತಿ ಪಡೆದರು. ಗೋಡೆಯ ಮೇಲೆ ತೂಗುವ ಸರ ಗಂಟು ಬಿದ್ದ ಉದಾಹರಣೆಯನ್ನು ಅವರೂ ಕೊಟ್ಟಿಲ್ಲ.

ಮೂರನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಿನವೂ ಹಬ್ಬವಾದರೆ ಹಬ್ಬಕ್ಕೆ ಬೆಲೆ ಎಲ್ಲಿ, ಬೋಳು ಗೋಡೆಯ ಹನ್ನೊಂದು ತಿಂಗಳೇ ಅಲ್ಲವೇ ಹನ್ನೆರಡನೆಯದಕ್ಕೆ ಮೆರುಗು ಕೊಡುವುದು ಎಂದು ಕೇಳುತ್ತಾರೆ. ಇದಕ್ಕೆ ಎರಡು ಸಮಾಧಾನಗಳಿವೆ. ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಜಿಪುಣ ಸ್ಕ್ರೂಜ್ ಕೊನೆಗೆ, ಕ್ರಿಸ್‌ಮಸ್ಸನ್ನು ವರ್ಷವಿಡೀ ಹೃದಯದಲ್ಲಿ ಇಟ್ಟುಕೊಳ್ಳುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಓದಿದವರೆಲ್ಲ ಕಣ್ಣೊರೆಸಿಕೊಂಡು ಮೆಚ್ಚುತ್ತಾರೆ. ಹೃದಯದಲ್ಲಿಟ್ಟರೆ ಪುಣ್ಯವಾದದ್ದು ಕಿಟಕಿಯಲ್ಲಿಟ್ಟರೆ ಪಾಪ ಹೇಗಾಯಿತೆಂದು ಅವರಲ್ಲಿ ಯಾರೂ ವಿವರಿಸಿಲ್ಲ. ಎರಡನೆಯ ಸಮಾಧಾನ ಲೆಕ್ಕಾಚಾರದ್ದು. ಕಾದು ಕಾದು ಸಿಗುವ ಸುಖ ದೊಡ್ಡದೆನ್ನುವವರು, ಕಾಯಲು ಮುಂದೆ ವರ್ಷಗಳಿವೆಯೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಮೂವತ್ತರವರ ಮುಂದೆ ಐವತ್ತು ಡಿಸೆಂಬರುಗಳಿರಬಹುದು. ಹನ್ನೊಂದು ತಿಂಗಳ ಉಪವಾಸ ಅವರಿಗೆ ಕಟ್ಟುತ್ತದೆ. ಎಂಬತ್ತೈದರವರಿಗೆ ಅಷ್ಟು ದೊಡ್ಡ ಮುಂಗಡ ಕೊಡಲು ಯಾವ ವಿವೇಕಿಯೂ ಸಲಹೆ ಮಾಡಲಾರ. ಕೈಯಲ್ಲಿರುವ ಬೆಳಕನ್ನು ಪೆಟ್ಟಿಗೆಗೆ ಹಾಕಿ, ಬರಬಹುದಾದ ಬೆಳಕಿಗೆ ಕಾಯಿರಿ ಎನ್ನುವುದು ಅರ್ಥಶಾಸ್ತ್ರಕ್ಕೂ ಒಗ್ಗದ ಮಾತು.

ನಾಲ್ಕನೆಯದು ಕಿಡಿಗೇಡಿ ಆಕ್ಷೇಪ: ಹಾಗಾದರೆ ಮೂವತ್ತರ ಹರೆಯದವರೂ ವರ್ಷವಿಡೀ ನಕ್ಷತ್ರ ಇಳಿಸುವುದಿಲ್ಲವಲ್ಲ? ಪ್ರಮೇಯದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಮೂವತ್ತರವರಿಗೆ 341 ದಿನ 114 ದಿನದಷ್ಟಾಗಿ ಅನುಭವಕ್ಕೆ ಬರುತ್ತದೆ, ನಲವತ್ತು ದಿನದ ಮಿತಿಯನ್ನು ಎಷ್ಟೋ ದೂರ ದಾಟುತ್ತದೆ. ಅದು ಶುದ್ಧ ಸೋಮಾರಿತನ, ಶಾಸ್ತ್ರದ ನೆರಳು ಅದಕ್ಕೆ ಸಿಗದು. ಕನ್ನಡ ನಾಡಿನಲ್ಲಿ ಈ ಚರ್ಚೆಯೇ ಅಪ್ರಸ್ತುತ ಎನ್ನುವವರು, ಕ್ರೈಸ್ತರ ಮನೆಗಳಲ್ಲಿ ಡಿಸೆಂಬರಿನ ಗೋದಲಿ, ನಕ್ಷತ್ರಗಳನ್ನು ಸಂಭ್ರಮದಿಂದ ಕಟ್ಟುವ ಮಂಗಳೂರನ್ನು ಮರೆತಿದ್ದಾರೆ. ಉಳಿದವರು ತಮ್ಮ ಬಾಗಿಲನ್ನೇ ತಲೆಯೆತ್ತಿ ನೋಡಿಕೊಳ್ಳಬಹುದು. ಯುಗಾದಿಯ ಮಾವಿನ ತೋರಣ ಒಣಗಿ ಗರಿಗರಿಯಾದರೂ ಗೌರಿಹಬ್ಬ ಬರುವವರೆಗೆ ಅದನ್ನು ಇಳಿಸುವ ಮನೆಗಳು ಎಷ್ಟಿವೆ? ಅಲ್ಲಿ ಯಾರೂ ಯಜಮಾನರ ವಯಸ್ಸು ಕೇಳುವುದಿಲ್ಲ.

ಇಷ್ಟೆಲ್ಲ ಸಿದ್ಧಪಡಿಸಿದ ಮೇಲೂ ಒಂದು ಸಮಸ್ಯೆ ಬಗೆಹರಿಯದೆ ಉಳಿಯುತ್ತದೆ. ಅದನ್ನು ಮುಚ್ಚಿಡುವುದು ವಿದ್ವತ್ತಿಗೆ ಶೋಭೆಯಲ್ಲ. ಗಂಡನಿಗೆ 86, ಹೆಂಡತಿಗೆ 79 ಆದ ಮನೆಯಲ್ಲಿ ಮರದ ಗತಿ ಏನು? ಅವರ ಲೆಕ್ಕದಲ್ಲಿ ಅವಧಿ ಮುಗಿದಿಲ್ಲ, ಇವರ ಲೆಕ್ಕದಲ್ಲಿ ಮೂರು ದಿನದ ಹಿಂದೆಯೇ ಮುಗಿದಿದೆ. ಸರಾಸರಿ ತೆಗೆದರೆ ಎಂಬತ್ತೆರಡೂವರೆ. ಸಿದ್ಧಿ ಕೈಗೂಡುವುದಿಲ್ಲ, ಮರ ಇಳಿಯಲೇಬೇಕು. ಇಳಿಸಬೇಕಾದವರು ಯಾರೆಂದರೆ, ಸಿದ್ಧಿ ಪಡೆದವರಿಗೆ ವಿನಾಯಿತಿ ಇರುವುದರಿಂದ, ಪ್ರಮೇಯವು ಹೆಂಡತಿಯ ಕಡೆಗೇ ಬೆರಳು ತೋರಿಸುತ್ತದೆ. ತರ್ಕದಲ್ಲಿ ಇದಕ್ಕೆ ಎಲ್ಲಿಯೂ ದೋಷ ಕಾಣುವುದಿಲ್ಲ. ಆದರೂ ಈ ಪ್ರಬಂಧವನ್ನು ಆ ಮನೆಯಲ್ಲಿ ಗಂಡನಾದವರು ಗಟ್ಟಿಯಾಗಿ ಓದದಿರುವುದು ಕ್ಷೇಮ.