ಮೂವತ್ತೇ ನಿಮಿಷ, ಸಾ!

ಅಪ್ಪ-ಅಮ್ಮ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲಿ ಭದ್ರವಾಗಿದೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನರ ಮೊಬೈಲುಗಳಲ್ಲಿ ಆ ಹೆಸರಿನ ಹಿಂದೆ ‘ಲ್ಯಾಂಡ್’ ಎಂಬ ಬಿರುದು ಸೇರಿಕೊಂಡಿದೆ. ನಾವೂ ಅವನನ್ನು ಲ್ಯಾಂಡಣ್ಣ ಅಂತಲೇ ಕರೆಯೋಣ. ಇವನು ಒಬ್ಬನೇ ಅಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ನಿಂತು ‘ಅಣ್ಣಾ’ ಎಂದು ಕೂಗಿದರೆ ಏಳೆಂಟು ಜನ ಒಟ್ಟಿಗೆ ತಿರುಗುತ್ತಾರೆ.

ಇಸ್ತ್ರಿ ಮುರಿಯದ ಬಿಳಿ ಶರ್ಟು, ಕಿವಿಯಲ್ಲೊಂದು ಫೋನು, ಜೇಬಿನಲ್ಲಿ ಇಣುಕುವ ಇನ್ನೊಂದು ಫೋನು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಫೈಲಿನೊಳಗೆ ಪಹಣಿ, ಮ್ಯುಟೇಶನ್, ಆಕಾರಬಂದ್, 11ಇ ಸ್ಕೆಚ್ಚು, ಇಸಿ, ಎಲ್ಲವೂ ಜೆರಾಕ್ಸು. ಜೋಯಿಸರು ಜಾತಕ ಹಿಡಿದ ಹಾಗೆ ಇವನು ಪಹಣಿ ಹಿಡಿಯುತ್ತಾನೆ. ಒಂಬತ್ತನೇ ಕಾಲಂನಲ್ಲಿ ಯಜಮಾನ ಯಾರು, ಹನ್ನೊಂದರಲ್ಲಿ ಸಾಲ ಯಾವ ಬ್ಯಾಂಕಿನದು ಎಂದು ಕಣ್ಣಾಡಿಸಿ, ‘ಶನಿ ಐತೆ, ಆದ್ರೆ ಬಿಡುಗಡೆ ಆಯ್ತದೆ’ ಎಂಬ ಧಾಟಿಯಲ್ಲಿ ತಲೆದೂಗುತ್ತಾನೆ.

ಲ್ಯಾಂಡಣ್ಣನ ಲೋಕದಲ್ಲಿ ದೂರಕ್ಕೆ ಕಿಲೋಮೀಟರ್ ಎಂಬ ಅಳತೆಯೇ ಇಲ್ಲ. ಎಲ್ಲ ಊರೂ ನೈಸ್ ರೋಡಿಂದ ಮೂವತ್ತೇ ನಿಮಿಷ. ಬಿಡದಿಯೂ ಮೂವತ್ತು, ಮಾಗಡಿಯೂ ಮೂವತ್ತು, ಕನಕಪುರ ದಾಟಿ ಸಾತನೂರಿನ ಕಾಡಂಚಿಗೂ ಮೂವತ್ತು. ಕೊಳ್ಳುವವರು ಅನುಮಾನ ಪಟ್ಟರೆ ಇತಿಹಾಸ ತೆಗೆಯುತ್ತಾನೆ: ‘ಬೆಂಗಳೂರು ಕಟ್ಟಿದ ಕೆಂಪೇಗೌಡರು ನಮ್ಮ ಮಾಗಡಿಯೋರು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ರಾಮನಗರದೋರು. ಆ ಲೆಕ್ಕದಲ್ಲಿ ಬೆಂಗಳೂರೇ ನಮ್ಮ ಲೇಔಟು, ಸಾ!’ ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಲು ಹೊರಟದ್ದು ಯಲಹಂಕದಿಂದ, ಆ ವಂಶ ಮಾಗಡಿಗೆ ಬಂದದ್ದು ಆಮೇಲೆ ಎಂದು ಯಾರಾದರೂ ತಿದ್ದಿದರೆ, ‘ಯಲಹಂಕದಲ್ಲೂ ಒಂದು ಪ್ರಾಪರ್ಟಿ ಐತೆ, ನೋಡ್ತೀರಾ?’ ಎನ್ನುತ್ತಾನೆ.

ಊರಿನ ಹೆಸರು ಬದಲಾದರೆ ಮಿಕ್ಕವರು ಚರ್ಚೆ ಮಾಡುತ್ತಾರೆ, ಲ್ಯಾಂಡಣ್ಣ ರೇಟು ಬದಲಾಯಿಸುತ್ತಾನೆ. ಬ್ರಿಟಿಷರ ಕಾಲದ ಕ್ಲೋಸ್‌ಪೇಟೆ ರಾಮನಗರವಾಯಿತು. 2007ರ ಆಗಸ್ಟಿನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಪರ-ವಿರೋಧದ ಮಾತುಗಳು ಇನ್ನೂ ಬಾಯಿಯಲ್ಲಿರುವಾಗಲೇ ಲ್ಯಾಂಡಣ್ಣ ಹೊಸ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿದ್ದ. ಬೆಳಗ್ಗೆ ಎದ್ದರೆ ಅದೇ ರಾಗಿ ಹೊಲ, ಅದೇ ಬೇಲಿ, ಅದೇ ಕಲ್ಲು. ಆದರೂ ಗುಂಟೆಗೆ ಒಂದಿಷ್ಟು ಏರಿತ್ತು. ‘ನಾವೇನೂ ಬೆಂಗಳೂರಿಗೆ ಹೋಗಿಲ್ಲ ಸಾ. ಅದೇ ಮನೆ ಬಾಗ್ಲಿಗೆ ಬಂದೈತೆ.’

ವಿಮಾನ ಇಳಿಸುವುದರಲ್ಲಂತೂ ಇವನಿಗೆ ಸರಿಸಾಟಿಯಿಲ್ಲ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆಂದು ಕೇಂದ್ರದ ಪ್ರಾಧಿಕಾರದ ತಂಡ ಬಂದು ಕನಕಪುರ ರಸ್ತೆಯಲ್ಲಿ ಎರಡು ಜಾಗ, ನೆಲಮಂಗಲದ ಕುಣಿಗಲ್ ರಸ್ತೆಯಲ್ಲಿ ಒಂದು ಜಾಗ ನೋಡಿಕೊಂಡು ಹೋಯಿತು. ನೋಡಿದ್ದಷ್ಟೇ. ಲ್ಯಾಂಡಣ್ಣ ಹಾರೋಹಳ್ಳಿಯಲ್ಲಿ ಜಮೀನು ತೋರಿಸುವಾಗ ‘ಇಲ್ಲೇ ಫಿಕ್ಸು, ಒಳಗಿನ ಮಾಹಿತಿ’ ಅಂದ. ಮಧ್ಯಾಹ್ನ ಮಾಗಡಿ ಕಡೆ ಹೋದಾಗ ‘ಕುಣಿಗಲ್ ರೋಡೇ ಫಿಕ್ಸು, ಒಳಗಿನ ಮಾಹಿತಿ’ ಅಂದ. ಒಳಗು ಎಂದರೆ ಎಲ್ಲಿ ಎಂದು ಇವತ್ತಿನವರೆಗೂ ಯಾರೂ ಕೇಳಿಲ್ಲ.

2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದಾಗ ಇವನಿಗೂ ಸಣ್ಣ ಆಘಾತವಾಗಿತ್ತು. ಕಾರುಗಳು ರಾಮನಗರ, ಚನ್ನಪಟ್ಟಣಕ್ಕೆ ಬೆನ್ನು ಹಾಕಿ ಬೈಪಾಸಿನಲ್ಲಿ ಹಾರಿಹೋದವು. ಗೊಂಬೆ ಅಂಗಡಿಯವರು, ಹೋಟೆಲಿನವರು ಹಳೇ ಹೆದ್ದಾರಿಯನ್ನೇ ನೋಡುತ್ತ ಕುಳಿತರು. ಆಗಸ್ಟಿನಿಂದ ಬೈಕಿಗೂ ಅಲ್ಲಿ ಪ್ರವೇಶವಿಲ್ಲ ಎಂದಾಯಿತು, ಇವನದೋ ಬುಲೆಟ್ಟು. ಒಂದು ವಾರ ಮಂಕಾಗಿದ್ದು ಎಂಟನೇ ದಿನ ಚೇತರಿಸಿಕೊಂಡ. ಮೊದಲು ‘ಹೈವೇ ಟಚ್’ ಎಂದು ಮಾರುತ್ತಿದ್ದದ್ದನ್ನು ‘ಹೈವೇ ವ್ಯೂ’ ಎಂದು ಬದಲಾಯಿಸಿಕೊಂಡ. ಮರುವರ್ಷದ ನವೆಂಬರಿನಲ್ಲಿ ಚನ್ನಪಟ್ಟಣದ ಉಪಚುನಾವಣೆ. ಊರಿಗೆ ಊರೇ ಯೋಗೇಶ್ವರೋ ನಿಖಿಲೋ ಎಂದು ಲೆಕ್ಕ ಹಾಕುತ್ತಿದ್ದರೆ ಇವನೊಬ್ಬ ನಿರ್ಲಿಪ್ತ: ‘ಯಾರು ಗೆದ್ರೂ ರೋಡು ಮಾಡ್ಲೇಬೇಕಲ್ಲ.’

ಹಿಂದೆ ವ್ಯವಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಕೊಳ್ಳುವವರ ಅಜ್ಜನ ಊರಲ್ಲಿ ಒಂದು ಪಹಣಿ ಹುಡುಕಿ ಅವರನ್ನು ರೈತರನ್ನಾಗಿಸುವುದೇ ದೊಡ್ಡ ಕಸುಬು. 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿತು. ‘ಈಗ ಲ್ಯಾಪ್‌ಟಾಪ್ ಇದ್ದೋರೆಲ್ಲ ರೈತರೇ’ ಎಂದು ಲ್ಯಾಂಡಣ್ಣ ನಗುತ್ತಾನೆ. ರೈತರ ಮಕ್ಕಳು ಬಿಡದಿಯ ಕಾರ್ಖಾನೆಗೆ ಶಿಫ್ಟಿಗೆ ಹೋಗುವ ಹೊತ್ತಿಗೆ ಈ ಲ್ಯಾಪ್‌ಟಾಪ್ ರೈತರು ಹೊಲ ನೋಡಲು ಬರುತ್ತಾರೆ.

ಅಂಥದೊಂದು ಭಾನುವಾರ ವೈಟ್‌ಫೀಲ್ಡಿನ ದಂಪತಿ ಸಾತನೂರಿನ ಆಚೆಗೆ ಬಂದಿಳಿದರು. ಮೂವತ್ತು ನಿಮಿಷದ ದಾರಿಗೆ ಮೂರು ಗಂಟೆ ಹಿಡಿದಿತ್ತು. ಲ್ಯಾಂಡಣ್ಣ ಮೊದಲು ಎಳನೀರು ಕೊಡಿಸಿದ, ಆಮೇಲೆ ಮಗುವಿನ ಕೈಗೆ ಚನ್ನಪಟ್ಟಣದ ಬುಗುರಿಯೊಂದನ್ನು ಇಟ್ಟ. ಹಾಲೆ ಮರದ್ದು, ಅರಗಿನ ಬಣ್ಣ, ಬಾಯಿಗೆ ಹಾಕಿಕೊಂಡರೂ ಏನೂ ಆಗಲ್ಲ. ಅಷ್ಟು ಮಾತ್ರ ನಿಜ ಹೇಳಿದ.

‘ಇಲ್ಲಿ ಆನೆ ಬರ್ತವಂತೆ?’ ಎಂದರು ಆಕೆ.

‘ಬರ್ತವೆ ಮೇಡಂ, ಸುಳ್ಳು ಹೇಳಲ್ಲ. ಆದ್ರೆ ರಾತ್ರಿ ಹೊತ್ತು ಮಾತ್ರ. ನೀವು ಬರೋದು ಹಗಲೊತ್ತು ತಾನೆ?’

ಬೋರು ಕೊರೆಸಿದರೆ ನೀರು ಬರುತ್ತದೆಯೇ ಎಂದರು ಆತ. ಈ ಸೀಮೆಯ ಕೆಳಗಿರುವುದು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುವ ಬಂಡೆ, ವಯಸ್ಸು ಸುಮಾರು 250 ಕೋಟಿ ವರ್ಷ. ಲ್ಯಾಂಡಣ್ಣ ಕಾಲಿನಿಂದ ನೆಲ ಕುಟ್ಟಿ, ‘ಫೌಂಡೇಶನ್ ಖರ್ಚೇ ಇಲ್ಲ ಸಾ, ದೇವ್ರೇ ಹಾಕವ್ನೆ’ ಎಂದ. ಆಮೇಲೆ ದಿಶಾಂಕ್ ಆಪ್ ತೆರೆದು ನೀಲಿ ಚುಕ್ಕೆ ತೋರಿಸಿದ: ‘ಕರೆಕ್ಟಾಗಿ ನಾವು ನಿಂತಿರೋದೇ ಆ ಸರ್ವೆ ನಂಬರು.’ ಬದುವಿನ ಮೇಲೆ ಕುಳಿತಿದ್ದ ಜಮೀನಿನ ಮುದುಕರು ಬೀಡಿ ಆರಿಸಿ ಎದ್ದು ಬಂದು, ‘ಇದಲ್ಲ ಸಾಮಿ, ಆ ಹುಣಸೆಮರದಿಂದಾಚೆಗೆ ನಮ್ದು’ ಎಂದರು. ‘ಜಿಪಿಎಸ್ಸು ಬಿಸಿಲಿಗೆ ಸ್ವಲ್ಪ ಅಲ್ಲಾಡ್ತದೆ’ ಎಂದು ಲ್ಯಾಂಡಣ್ಣ ಎಲ್ಲರನ್ನೂ ಹುಣಸೆಮರದ ಕಡೆ ನಡೆಸಿದ. ನಡೆಯುತ್ತಲೇ ದಂಪತಿಯ ಕಿವಿಯಲ್ಲಿ ‘ಈ ರೇಟಿಗೆ ಇನ್ನೆಲ್ಲೂ ಸಿಗಲ್ಲ’ ಎಂದ. ಎರಡು ಹೆಜ್ಜೆ ಹಿಂದೆ ಸರಿದು ಮುದುಕರಿಗೆ ‘ಈ ರೇಟು ಇನ್ಯಾರೂ ಕೊಡಲ್ಲ’ ಎಂದ. ಕಮಿಷನ್ ಎರಡೂ ಕಡೆಯದು.

ಟೋಕನ್ ಅಡ್ವಾನ್ಸಿನ ಮಾತು ತುಟಿಯವರೆಗೆ ಬಂದಿತ್ತು. ಜೇಬಿನ ಫೋನು ಹೊಡೆದುಕೊಂಡಿತು. ಅವ್ವ.

‘ಎಲ್ಲಿದ್ದೀಯೋ? ಹುಳ ಹಣ್ಣಾಗವೆ. ಚಂದ್ರಿಕೆಗೆ ಬಿಡಾಕೆ ಕೈ ಸಾಲ್ದು. ಬತ್ತೀಯೋ, ಇಲ್ಲ ಹಂಗೇ ಸಾಯ್ಲೋ?’

ಲ್ಯಾಂಡಣ್ಣನ ಊರು ರಾಮನಗರದ ಕೈಲಾಂಚ ಕಡೆ. ಒಂದು ಎಕರೆ ಚಿಲ್ಲರೆ ಹಿಪ್ಪುನೇರಳೆ ತೋಟ. ಅಕ್ಕಪಕ್ಕದ ಜಮೀನುಗಳನ್ನೆಲ್ಲ ಅವನೇ ಮಾರಿಸಿದ್ದಾನೆ. ಇದೊಂದಕ್ಕೆ ಮಾತ್ರ ಅವ್ವ ಹೆಬ್ಬೆಟ್ಟು ಒತ್ತುವುದಿಲ್ಲ. ಒತ್ತಿದರೂ ಉಪಯೋಗವಿಲ್ಲ. ನಾಲ್ಕು ತಾಲ್ಲೂಕಿನ ಕಾಗದ ಸರಿಮಾಡಿಸುವವನ ಮನೆಯ ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದೆ. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ನಡುವೆ ಪೋಡಿಯೂ ಆಗಿಲ್ಲ. ಹಣ್ಣಾದ ರೇಷ್ಮೆ ಹುಳಕ್ಕೆ ಅಗ್ರಿಮೆಂಟು, ವಾಯಿದೆ ಯಾವುದೂ ಗೊತ್ತಿಲ್ಲ. ಅವತ್ತು ಆಯ್ದು ಚಂದ್ರಿಕೆಯ ತಟ್ಟೆಗೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ಗೂಡು ಕಟ್ಟಿಬಿಡುತ್ತದೆ. ಮನೆ ಸೇರಿದ್ದೇ ತಡ ಬಿಳಿ ಶರ್ಟು ಮೊಳೆಗೆ ತೂಗಿತು. ಬನಿಯನ್ನಿನಲ್ಲಿ ಕುಳಿತು ನಡುರಾತ್ರಿವರೆಗೆ ಹುಳ ಆಯ್ದ.

ಆರನೇ ದಿನ ಗೂಡು ಬಿಡಿಸಿ ರಾಮನಗರದ ರೇಷ್ಮೆಗೂಡು ಮಾರ್ಕೆಟ್ಟಿಗೆ ತಂದ. ಏಷ್ಯಾಕ್ಕೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ರೀಲರುಗಳು ಮೊಬೈಲಿನಲ್ಲೇ ಕೂಗುತ್ತಾರೆ. ರೀಲರ್ ಒಬ್ಬರು ಬಂದು ಗೂಡನ್ನು ಬೊಗಸೆಯಲ್ಲಿ ಎತ್ತಿ, ಒಂದನ್ನು ಅಲ್ಲಾಡಿಸಿ ನೋಡಿ, ‘ಸ್ವಲ್ಪ ತೆಳು’ ಎಂದು ಮುಂದಿನ ಲಾಟಿಗೆ ಹೋದರು. ಒಳಗಿನ ಮಾಹಿತಿ ಯಾವುದೂ ನೆರವಿಗೆ ಬರಲಿಲ್ಲ. ಲಾಟ್ ನಂಬರಿನ ಚೀಟಿ ಹಿಡಿದು ಬೇರೆಯವರು ಹೇಳುವ ರೇಟಿಗೆ ಕಾಯುತ್ತ ನಿಂತ.

ಸಂಜೆ ದುಡ್ಡು ತಂದು ಅವ್ವನ ಕೈಗಿಟ್ಟ. ಅವ್ವ ಎರಡು ಸಲ ಎಣಿಸಿ ಕೇಳಿದಳು:

‘ಕೇಜಿಗೆ ಎಷ್ಟಕ್ಕೋದವು?’

ಹೇಳಿದ.

‘ನಿನ್ನ ಕಮಿಷನ್ನು ಹಿಡ್ಕಂಡು ಹೇಳ್ತಿದ್ದೀಯೋ, ಬುಟ್ಟು ಹೇಳ್ತಿದ್ದೀಯೋ?’