ಚಳಿಗೆ ಸೀಟಿ ಹೊಡೆಯುವ ಗಾಡಿ

ಪುಷ್ಯದ ಚಳಿಯಲ್ಲಿ ಉದಗೀರದ ಓಣಿಯೊಳಗೆ ಟರ್ಬೊ ಡೀಸೆಲ್ ಗಾಡಿಯೊಂದು ಸೀಟಿ ಹೊಡೆಯಿತೆನ್ನಿ, ಮಾಲೀಕನಿಗಿಂತ ಮೊದಲು ನೆರೆಯವರೇ ರೋಗ ಹೇಳಿಬಿಡುತ್ತಾರೆ. "ಕಾಕಾ, ಟರ್ಬೊ ಹೋತು ನೋಡ್ರಿ!" ರೋಗನಿದಾನ ಕನ್ನಡದಲ್ಲಿ, ಖರ್ಚಿನ ಅಂದಾಜು ಮರಾಠಿಯಲ್ಲಿ, ಸಾಂತ್ವನ ದಖನಿಯಲ್ಲಿ. ಗಡಿನಾಡಿನಲ್ಲಿ ಈ ಸೌಕರ್ಯ ಪುಕ್ಕಟೆ.

ಉಮರ್ಗಾದಲ್ಲಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಬದಿಯ ಅನುಭವಿ ಮಿಸ್ತ್ರಿ ಮಾತ್ರ ಮೊದಲು ಕೇಳುವುದು, "ಯಾವಾಗ ಸಪ್ಪಳ ಮಾಡ್ತದ?"

ಶುರುವಾದೊಡನೆ ಕಿರ್ರೆಂದು ನಿಮಿಷದಲ್ಲಿ ನಿಂತರೆ, ಇಬ್ಬನಿಗೆ ತೊಯ್ದ ಬೆಲ್ಟಿನ ಮೇಲೆ ಅನುಮಾನ. ಟಿಕ್ ಟಿಕ್ ಸದ್ದು ಎಂಜಿನ್ ಕಾದಂತೆ ಅಡಗಿದರೆ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿರಬಹುದು. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಎಕ್ಸಲರೇಟರ್ ಒತ್ತಿದಾಗ ಬುಸ್ಸೆಂದು ಸದ್ದಾಗಿ ಎಳೆತವೂ ಇಳಿದರೆ ಗಾಳಿಯ ಪೈಪು ಹರಿದಿರಬಹುದು. ಸಣ್ಣ ಸೀಟಿ ಟರ್ಬೊದ ಹುಟ್ಟುಗುಣ. ಅದೇ ದಿನೇ ದಿನೇ ಸೈರನ್ನಾಗಿ, ನೀಲಿ ಹೊಗೆಯೂ ಬಂದರೆ ನೆರೆಯವರು ಗೆದ್ದಂತೆ.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಶಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ ಎಂಬ ಈ ಯುಕ್ತಿ, ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿ ತುಂಬುತ್ತದೆ. ಕಾರಿನ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತನ್ನೂ ದಾಟುತ್ತದೆ. ಅದರ ಬೇರಿಂಗಿಗೆ ಆಧಾರ ತೆಳ್ಳನೆಯ ಆಯಿಲ್ ಪದರ. ಚಳಿಗೆ ಆಯಿಲ್ ಗಟ್ಟಿಯಾಗಿ ತಡವಾಗಿ ತಲುಪುತ್ತದೆ.

ಅಂಥ ಹೊತ್ತಿನಲ್ಲೇ ನಿಲಂಗಾದ ಬಸ್ ಸ್ಟ್ಯಾಂಡಿಗೆ ಹೊರಟವರು ನಿಂತಲ್ಲೇ ಭರ್‍ರೆಂದು ರೇಸ್ ಕೊಡುತ್ತಾರೆ! ಅರ್ಧ ನಿಮಿಷ ತಡೆಯಿರಿ, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಆಯಿಲ್ ದೀಪ ಆರದಿದ್ದರೆ ಮಾತ್ರ ತಕ್ಷಣ ಎಂಜಿನ್ ಬಂದ್ ಮಾಡಿ, ಮಿಸ್ತ್ರಿಯನ್ನು ಕರೆಸಿ.